ದಂತ ಇಂಪ್ಲಾಂಟ್‌ಗೆ ಮುನ್ನ ದವಡೆ ಮೂಳೆ ಮತ್ತು ವಸಡಿನ ಪುನರ್‌ನಿರ್ಮಾಣ – ತಾಯಲೂರು ಹೋಬಳಿಯ ಸಾರ್ವಜನಿಕರ ಮಾಹಿತಿಗಾಗಿ

ಮುಳಬಾಗಿಲು ತಾಲ್ಲೂಕು ತಾಯಲೂರು ಹೋಬಳಿಯ ಗ್ರಾಮಗಳಿಂದ ಹಲ್ಲಿನ ಚಿಕಿತ್ಸೆಯ ನೆರವು ಕೋರುವವರಲ್ಲಿ ಹಲವರು, ಸರ್ಕಾರದ ದಂತಭಾಗ್ಯ ಯೋಜನೆಯಡಿ “ಫಿಕ್ಸ್ ಹಲ್ಲು” ಕೂಡ ದೊರೆಯುತ್ತದೆಯೇ ಎಂದು ವಿಚಾರಿಸುವುದುಂಟು. 2014ರಲ್ಲಿ ಆರಂಭವಾದ ಈ ಯೋಜನೆಯು ಬಡತನ ರೇಖೆಗಿಂತ ಕೆಳಗಿರುವ, ಹಲ್ಲು ಕಳೆದುಕೊಂಡ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ (ತೆಗೆದು ಹಾಕುವ ಹಲ್ಲಿನ ಸೆಟ್ಟು) ಒದಗಿಸುವ ಉದ್ದೇಶದ್ದು. ಮೂಳೆಯೊಳಗೆ ಕೂರಿಸುವ ಟೈಟೇನಿಯಂ ಇಂಪ್ಲಾಂಟ್ ಆಗಲಿ, ಅದಕ್ಕೆ ಮುನ್ನ ಮಾಡುವ ಮೂಳೆ ಕಸಿಯಾಗಲಿ ಈ ಯೋಜನೆಯ ಉದ್ದೇಶದಲ್ಲಿ ಸೇರಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದು ಸಾಲ ಮಾಡುವ ಅಥವಾ ಗಟ್ಟಿ ಹಲ್ಲುಗಳನ್ನೂ ಕೀಳಿಸಿಕೊಳ್ಳುವ ಪ್ರಸಂಗ ಬಾರದಿರಲೆಂದು ಈ ಕೆಳಗಿನ ವಿವರಗಳನ್ನು ನೀಡಲಾಗಿದೆ.

ಮೂಳೆ ಕರಗುವುದು ಏಕೆ?

ದವಡೆಯಲ್ಲಿ ಹಲ್ಲನ್ನು ಹಿಡಿದಿರುವ ಮೂಳೆಯ ದಿಂಡು ಹಲ್ಲಿಗಾಗಿಯೇ ಇರುವಂಥದ್ದು. ಅಗಿಯುವಾಗ ಬೇರಿನ ಮೂಲಕ ತಲುಪುವ ಒತ್ತಡವೇ ಅದನ್ನು ಜೀವಂತವಾಗಿಡುತ್ತದೆ. ಹಲ್ಲು ಕಿತ್ತ ನಂತರ ಆ ಒತ್ತಡ ನಿಂತು, ಮೂಳೆಯು ಕ್ರಮೇಣ ಸವೆಯುತ್ತದೆ. ಮೊದಲ ಒಂದು ವರ್ಷದಲ್ಲಿ ದಿಂಡಿನ ಅಗಲದ ಸುಮಾರು ಅರ್ಧದಷ್ಟು ಕಡಿಮೆಯಾಗಬಹುದು. ಅದರಲ್ಲಿಯೂ ಹೆಚ್ಚಿನ ಭಾಗ ಮೊದಲ ಮೂರು ತಿಂಗಳಲ್ಲಿಯೇ ನಷ್ಟವಾಗುತ್ತದೆ. ಮೂಳೆ ಇಳಿದಂತೆ ಅದರ ಮೇಲಿನ ವಸಡೂ ತೆಳುವಾಗುತ್ತದೆ. ಹತ್ತು ಹದಿನೈದು ವರ್ಷ ಹಲ್ಲಿಲ್ಲದೆ ಕಳೆದವರ ಕೆಳದವಡೆ ಕತ್ತಿಯ ಅಂಚಿನಂತಾಗಿ, ದಂತಪಂಕ್ತಿ ಸಹ ನಿಲ್ಲದಿರುವುದಕ್ಕೆ ಇದೇ ಕಾರಣ.

ಇಂಪ್ಲಾಂಟ್ ಎಂಬುದು ತಿರುಪಿನಾಕಾರದ ಲೋಹದ ಕೃತಕ ಬೇರು. ಟೈಟೇನಿಯಂ ಲೋಹಕ್ಕೆ ಜೀವಂತ ಮೂಳೆಯು ನೇರವಾಗಿ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ ದೇಶದ ಪರ್-ಇಂಗ್ವಾರ್ ಬ್ರನೆಮಾರ್ಕ್ ಅವರು 1950ರ ದಶಕದಲ್ಲಿ ಕಂಡುಕೊಂಡು, 1965ರಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಆದರೆ ಬೆಸೆದುಕೊಳ್ಳಲು ಸುತ್ತಲೂ ಮೂಳೆ ಇರಬೇಕಷ್ಟೆ. ತಿರುಪಿನ ಎಲ್ಲ ಕಡೆ ಕನಿಷ್ಠ ಒಂದರಿಂದ ಒಂದೂವರೆ ಮಿಲಿಮೀಟರ್ ಮೂಳೆ, ಕೆಳದವಡೆಯ ನರದಿಂದ ಸುಮಾರು ಎರಡು ಮಿಲಿಮೀಟರ್ ಅಂತರ ಇರುವಂತೆ ತಜ್ಞರು ನೋಡಿಕೊಳ್ಳುತ್ತಾರೆ. ಈ ಅಳತೆಯನ್ನು ಬರಿಗಣ್ಣಿನಿಂದ ಹೇಳಲಾಗದು. ಒ.ಪಿ.ಜಿ. ಎಕ್ಸ್‌ರೇ ಎತ್ತರವನ್ನು ಮಾತ್ರ ತೋರಿಸುತ್ತದೆ, ಅಗಲ ತಿಳಿಯಲು ಸಿ.ಬಿ.ಸಿ.ಟಿ. ಸ್ಕ್ಯಾನ್ ಅಗತ್ಯ. ಸ್ಕ್ಯಾನ್ ನೋಡದೆಯೇ ಮೂಳೆ ಕಸಿ ಬೇಕು ಅಥವಾ ಬೇಡ ಎಂದು ಹೇಳುವ ಮಾತನ್ನು ಅಂತಿಮವೆಂದು ಪರಿಗಣಿಸಬಾರದು.

ಚಿಕಿತ್ಸೆಯ ವಿಧಗಳು

ಹಲ್ಲು ಕೀಳುವ ದಿನವೇ ಖಾಲಿ ಕುಳಿಗೆ ಕಸಿ ಪದಾರ್ಥವನ್ನು ತುಂಬಿ ಮುಚ್ಚುವುದು ಇವುಗಳಲ್ಲಿ ಅತ್ಯಂತ ಸರಳವಾದದ್ದು. ಸವೆತವು ಪೂರ್ಣ ನಿಲ್ಲದಿದ್ದರೂ ಗಣನೀಯವಾಗಿ ತಗ್ಗುತ್ತದೆ. ಮುಂದೆ ಇಂಪ್ಲಾಂಟ್ ಹಾಕಿಸುವ ಆಲೋಚನೆ ಇರುವವರು ಇದನ್ನು ಹಲ್ಲು ಕೀಳಿಸುವ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಕಿತ್ತ ಮೇಲೆ ಕೇಳಿದರೆ ಸುಲಭದ ಕೆಲಸ ಕಠಿಣವಾಗುತ್ತದೆ, ಖರ್ಚೂ ಏರುತ್ತದೆ.

ದಿಂಡು ಈಗಾಗಲೇ ಸಣ್ಣದಾಗಿದ್ದಲ್ಲಿ ಕಸಿ ಪುಡಿಯನ್ನು ಇರಿಸಿ ಅದರ ಮೇಲೆ ಪೊರೆಯೊಂದನ್ನು ಹೊದಿಸಲಾಗುವುದು. ವಸಡಿನ ಅಂಗಾಂಶ ಬೇಗ ಬೆಳೆಯುತ್ತದೆ, ಮೂಳೆ ನಿಧಾನವಾಗಿ ಬೆಳೆಯುತ್ತದೆ. ವಸಡು ಒಳನುಗ್ಗಿ ಜಾಗ ಆಕ್ರಮಿಸದಂತೆ ತಡೆಯುವುದೇ ಪೊರೆಯ ಕೆಲಸ. ಬದುವಿಲ್ಲದ ಹೊಲಕ್ಕೆ ಪಕ್ಕದ ಕಳೆ ಹಬ್ಬುವಂತೆ ಎಂದು ತಿಳಿಯಬಹುದು. ನಷ್ಟ ಹೆಚ್ಚಿದ್ದರೆ ಗದ್ದ, ಕೆಳದವಡೆಯ ಹಿಂಭಾಗ ಅಥವಾ ಸೊಂಟದ ಮೂಳೆಯಿಂದ ತುಂಡೊಂದನ್ನು ತೆಗೆದು ಸಣ್ಣ ತಿರುಪುಗಳಿಂದ ಕೂರಿಸಬೇಕಾಗುತ್ತದೆ. ಮೇಲ್ದವಡೆಯ ಹಿಂಬದಿಯಲ್ಲಿ ಮೂಳೆಯ ಮೇಲೆಯೇ ಸೈನಸ್ ಎಂಬ ಗಾಳಿಯ ಕೋಣೆ ಇರುವುದರಿಂದ, ಅದರ ತಳದ ಪೊರೆಯನ್ನು ಮೆಲ್ಲನೆ ಮೇಲೆತ್ತಿ ಕೆಳಗೆ ಕಸಿ ತುಂಬುವ “ಸೈನಸ್ ಲಿಫ್ಟ್” ಮಾಡಲಾಗುತ್ತದೆ.

ಮೂಳೆ ಗಟ್ಟಿಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು, ಸೈನಸ್ ಕಸಿಯಲ್ಲಿ ಆರರಿಂದ ಒಂಬತ್ತು ತಿಂಗಳು ಹಿಡಿಯಬಹುದು. ಇಂಪ್ಲಾಂಟ್ ಬೆಸೆಯಲು ಮತ್ತೆ ಮೂರು ನಾಲ್ಕು ತಿಂಗಳು. ಅಂದರೆ ಒಟ್ಟಾರೆ ಒಂದು ವರ್ಷದ ಲೆಕ್ಕ. ಕೂಲಿ ಬಿಟ್ಟು ಬಸ್ಸಿನಲ್ಲಿ ಹೋಗಿ ಬರುವವರು ಹಲವು ಭೇಟಿಗಳ ಪ್ರಯಾಣ ಮತ್ತು ಕೂಲಿ ನಷ್ಟವನ್ನೂ ಅಂದಾಜಿಗೆ ಸೇರಿಸಿಕೊಳ್ಳುವುದು ಒಳಿತು. ಆಸ್ಪತ್ರೆಯವರು ಕೊಡುವ ಅಂದಾಜು ಪಟ್ಟಿಯಲ್ಲಿ ಈ ಬಾಬ್ತು ಇರುವುದಿಲ್ಲ.

ವಸಡಿನ ವಿಷಯಕ್ಕೆ ಬಂದರೆ, ಇಂಪ್ಲಾಂಟ್ ಸುತ್ತ ಸುಮಾರು ಎರಡು ಮಿಲಿಮೀಟರ್ ಅಗಲದ ಗಟ್ಟಿ ವಸಡು ಇದ್ದರೆ ಉಜ್ಜಿ ಸ್ವಚ್ಛಗೊಳಿಸುವುದು ಸುಲಭ. ಅದಿಲ್ಲದಿದ್ದರೆ ಅಂಗುಳಿನಿಂದ ತೆಳುವಾದ ಅಂಗಾಂಶ ತೆಗೆದು ಕಸಿ ಮಾಡುತ್ತಾರೆ. ಅಂಗುಳಿನ ಗಾಯ ಎರಡು ಮೂರು ವಾರಗಳಲ್ಲಿ ಮಾಯುತ್ತದೆ.

ಕಸಿ ಪದಾರ್ಥದ ಮೂಲವನ್ನು ಕೇಳಿ ತಿಳಿಯುವುದು

ಕಸಿಗೆ ರೋಗಿಯ ಸ್ವಂತ ಮೂಳೆ, ದಾನಿಯ ಸಂಸ್ಕರಿತ ಮೂಳೆ, ಪ್ರಾಣಿಮೂಲದ ಮೂಳೆ ಅಥವಾ ಕ್ಯಾಲ್ಸಿಯಂ ಫಾಸ್ಫೇಟ್‌ನಿಂದ ಕೃತಕವಾಗಿ ತಯಾರಿಸಿದ ಪುಡಿ ಬಳಕೆಯಲ್ಲಿವೆ. ಪ್ರಾಣಿಮೂಲದ್ದು ಬಹುತೇಕ ಹಸುವಿನದು. ಪೊರೆಗಳಲ್ಲಿ ಕೆಲವು ಹಂದಿಯ ಕೊಲಾಜೆನ್‌ನಿಂದ ಆದವು. ವೈದ್ಯಕೀಯವಾಗಿ ಇವು ದೀರ್ಘಕಾಲದಿಂದ ಬಳಕೆಯಲ್ಲಿರುವ ಪದಾರ್ಥಗಳು. ಆದರೂ ಧಾರ್ಮಿಕ ನಂಬಿಕೆಯುಳ್ಳವರಿಗೆ ಇದು ಚಿಕ್ಕ ವಿಷಯವಲ್ಲ, ಚಿಕಿತ್ಸೆ ಮುಗಿದ ನಂತರ ತಿಳಿದರೆ ಮನಸ್ಸಿಗೆ ನೋವಾಗುತ್ತದೆ. ಪದಾರ್ಥದ ಮೂಲವನ್ನು ಮುಂಚಿತವಾಗಿ ಕೇಳುವುದು ರೋಗಿಯ ಹಕ್ಕು. ಬೇಡವೆಂದರೆ ಕೃತಕ ಪುಡಿ ಅಥವಾ ಸ್ವಂತ ಮೂಳೆಯ ಆಯ್ಕೆಯನ್ನು ವೈದ್ಯರೊಂದಿಗೆ ಚರ್ಚಿಸಬಹುದು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿಕೊಂಡು ಅರ್ಥವಾದ ನಂತರವೇ ಸಹಿ ಅಥವಾ ಹೆಬ್ಬೆರಳ ಗುರುತು ಹಾಕತಕ್ಕದ್ದು.

ಯಾರು ಎಚ್ಚರ ವಹಿಸಬೇಕು

ಬೀಡಿ, ಸಿಗರೇಟು ಸೇದುವವರಲ್ಲಿ ಕಸಿ ವಿಫಲವಾಗುವ ಸಂಭವ ಹೆಚ್ಚು. ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಅಭ್ಯಾಸದಿಂದ ಬಾಯಿ ತೆರೆಯುವುದೇ ಕಷ್ಟವಾಗಿದ್ದಲ್ಲಿ ಮೊದಲು ಆ ಕಾಯಿಲೆಯ ತಪಾಸಣೆಯಾಗಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಯುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ತಾವಾಗಿಯೇ ಅದನ್ನು ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರ್‌ಗೆ ಬಿಸ್ಫಾಸ್ಫೊನೇಟ್ ಚುಚ್ಚುಮದ್ದು ಪಡೆದವರು, ದವಡೆಗೆ ವಿಕಿರಣ ಚಿಕಿತ್ಸೆಯಾದವರು ಈ ಸಂಗತಿಯನ್ನು ಮರೆಮಾಚಿದಲ್ಲಿ ದವಡೆ ಮೂಳೆಯೇ ಕೊಳೆಯುವ ಅಪಾಯವಿದೆ.

ಕೋಲಾರ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುವುದು ಜಿಲ್ಲೆಯ ಜನರಿಗೆ ತಿಳಿದ ವಿಷಯ. ಇದರಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದರೆ ಅದೊಂದೇ ಕಾರಣಕ್ಕೆ ಕಿತ್ತು ಇಂಪ್ಲಾಂಟ್ ಹಾಕಿಸುವ ಅಗತ್ಯವಿಲ್ಲ. ಬೇರು ಗಟ್ಟಿಯಿದ್ದಲ್ಲಿ ಬಣ್ಣವನ್ನು ಸರಿಪಡಿಸುವ ಬೇರೆ ಚಿಕಿತ್ಸೆಗಳಿವೆ.

ಕಸಿಯ ನಂತರ ಮೊದಲ ದಿನ ಬಲವಾಗಿ ಉಗುಳಬಾರದು, ಬಾಯಿ ಮುಕ್ಕಳಿಸಬಾರದು. ಮೊದಲ ವಾರ ತಣ್ಣನೆಯ ರಾಗಿ ಅಂಬಲಿ, ಗಂಜಿ, ಮಜ್ಜಿಗೆ ಅನ್ನ ಸಾಕು. ಬಿಸಿ ಮುದ್ದೆಯನ್ನು ಆರಿಸಿ ನುಂಗುವುದಕ್ಕೂ ವೈದ್ಯರ ಅನುಮತಿ ಬೇಕು. ಸೈನಸ್ ಕಸಿಯಾದವರು ಎರಡು ವಾರ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು.

ಕಸಿಯಿಲ್ಲದ ದಾರಿಗಳು

ಎಲ್ಲರಿಗೂ ಕಸಿ ಬೇಕಿಲ್ಲ. ಗಿಡ್ಡ ಇಂಪ್ಲಾಂಟ್‌ಗಳು, ಓರೆಯಾಗಿ ಕೂರಿಸುವ ಇಂಪ್ಲಾಂಟ್‌ಗಳು ಇವೆ. ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಗದ್ದದ ಭಾಗದಲ್ಲಿ ಎರಡೇ ಇಂಪ್ಲಾಂಟ್ ಇರಿಸಿ ದಂತಪಂಕ್ತಿಯನ್ನು ಗುಂಡಿಯಂತೆ ಸಿಕ್ಕಿಸುವ ಕ್ರಮವನ್ನು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಮೊದಲ ಆಯ್ಕೆಯೆಂದು ಶಿಫಾರಸು ಮಾಡಿದರು. ಖರ್ಚು ಮತ್ತು ಪ್ರಯೋಜನವನ್ನು ತೂಗಿ ನೋಡಿದರೆ ಹಿರಿಯರಿಗೆ ಇದು ವಿಚಾರಿಸಲು ಯೋಗ್ಯವಾದ ಕ್ರಮ. ಸರಿಯಾಗಿ ಕೂರುವ ಸಾಮಾನ್ಯ ದಂತಪಂಕ್ತಿಯನ್ನೂ ಕೀಳಾಗಿ ಕಾಣಬೇಕಿಲ್ಲ.

ಎಲ್ಲಿ ವಿಚಾರಿಸುವುದು

ಮೊದಲು ಮುಳಬಾಗಿಲು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ದಂತ ವೈದ್ಯರನ್ನು, ಅಲ್ಲಿಂದ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ತಜ್ಞ ಚಿಕಿತ್ಸೆಗೆ ಬೆಂಗಳೂರು ಕೋಟೆ ಪ್ರದೇಶದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಆಧಾರ್ ಚೀಟಿ, ಪಡಿತರ ಚೀಟಿ, ಹಳೆಯ ಎಕ್ಸ್‌ರೇ, ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನು ಜೊತೆಗೆ ಒಯ್ಯತಕ್ಕದ್ದು. ಇಂಪ್ಲಾಂಟ್, ಪುಡಿ ಮತ್ತು ಪೊರೆಯ ಬೆಲೆಯನ್ನು ಯಾರು ಭರಿಸಬೇಕೆಂಬುದನ್ನು ಸರ್ಕಾರಿ ಆಸ್ಪತ್ರೆಯಲ್ಲಿಯೂ ಮೊದಲೇ ಕೇಳಿಕೊಳ್ಳಿ. ದಂತಭಾಗ್ಯದ ಪ್ರಸಕ್ತ ವಯೋಮಿತಿಯನ್ನು ಅರ್ಜಿ ಸಲ್ಲಿಸುವ ಮುನ್ನ ಅಲ್ಲಿಯೇ ಖಚಿತಪಡಿಸಿಕೊಳ್ಳುವುದು.

ಖಾಸಗಿ ಚಿಕಿತ್ಸಾಲಯಕ್ಕೆ ಹೋಗುವವರು, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿ ಪತ್ರ ಮತ್ತು ದರಪಟ್ಟಿ ಪ್ರದರ್ಶಿಸಿರುವುದನ್ನು ಗಮನಿಸಬೇಕು. ಸ್ಕ್ಯಾನ್, ಕಸಿ, ಪೊರೆ, ಇಂಪ್ಲಾಂಟ್, ಮೇಲಿನ ಹಲ್ಲು ಇವುಗಳ ದರವನ್ನು ಪ್ರತ್ಯೇಕವಾಗಿ ನಮೂದಿಸಿದ ಲಿಖಿತ ಅಂದಾಜು ಪಟ್ಟಿ, ಕಟ್ಟಿದ ಹಣಕ್ಕೆ ರಸೀದಿ, ಬಳಸಿದ ಇಂಪ್ಲಾಂಟ್‌ನ ಕಂಪನಿ ಹಾಗೂ ಬ್ಯಾಚ್ ಸಂಖ್ಯೆಯ ಚೀಟಿ ಪಡೆದು ಜೋಪಾನವಾಗಿಡತಕ್ಕದ್ದು. ಹತ್ತು ವರ್ಷದ ನಂತರ ತಿರುಪು ಸಡಿಲವಾದರೆ ಹೊಂದುವ ಬಿಡಿಭಾಗ ಹುಡುಕಲು ಆ ಚೀಟಿಯೇ ಬೇಕಾಗುತ್ತದೆ.