ಅಯ್ಯಾವೊಳೆಯ ಐನೂರ್ವರೂ ಲಂಕೆಯ ವ್ಯಾಪಾರವೂ

ಸಿಂಹಳದ ಪ್ರಾಚೀನ ಚರಿತ್ರೆಯನ್ನು ಹೇಳುವ ಚೂಳವಂಸವೆಂಬ ಪಾಳಿ ಗ್ರಂಥದಲ್ಲಿ ಕನ್ನಡಿಗರಾದ ನಾವು ಗಮನಿಸಬೇಕಾದ ಒಂದು ಪ್ರಸಂಗವಿದೆ. ಹನ್ನೊಂದನೆಯ ಶತಮಾನದ ಕೊನೆಯ ಭಾಗ. ಲಂಕೆಯಲ್ಲಿ ಮೊದಲನೆಯ ವಿಜಯಬಾಹು ಆಳುತ್ತಿದ್ದ. ಕರ್ಣಾಟ ದೇಶದ ಅರಸನಿಂದ ಅವನಲ್ಲಿಗೆ ಕಾಣಿಕೆಗಳೊಡನೆ ದೂತರು ಬಂದರು. ಈ ಅರಸನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನೆಂದು (1076–1126) ಇತಿಹಾಸಜ್ಞರು ಗುರುತಿಸುತ್ತಾರೆ. ವಿಜಯಬಾಹು ಪ್ರತಿಯಾಗಿ ಉಡುಗೊರೆಗಳನ್ನು ಕೊಟ್ಟು ತನ್ನ ದೂತರನ್ನು ಅವರ ಜೊತೆಯಲ್ಲಿ ಕಳುಹಿಸಿದ. ನಡುವೆ ಇದ್ದದ್ದು ಚೋಳರ ನಾಡು. ಚೋಳರು ಆ ಸಿಂಹಳ ದೂತರ ಕಿವಿ ಮೂಗುಗಳನ್ನು ಕೊಯ್ದುಬಿಟ್ಟರು.

ರಾಜಮುದ್ರೆಯನ್ನು ಹೊತ್ತವರಿಗೇ ಈ ಗತಿಯಾದರೆ, ಎರಡು ಮೂಟೆ ಮೆಣಸನ್ನೋ ನಾಲ್ಕು ಸುರುಳಿ ಬಟ್ಟೆಯನ್ನೋ ಹೊತ್ತು ನೆರೆನಾಡಿಗೆ ಹೊರಟ ಸಣ್ಣ ವರ್ತಕನ ಪಾಡೇನು? ದಾರಿಯಲ್ಲಿ ಕಳ್ಳರು, ಗಡಿಗಡಿಗೆ ಸುಂಕದ ಕಟ್ಟೆ, ಅರಿಯದ ಭಾಷೆ, ಅರಿಯದ ಅಳತೆ. ಸಾಲ ಕೊಟ್ಟರೆ ವಸೂಲು ಮಾಡಿಕೊಡುವವರಿಲ್ಲ. ಆದರೂ ಆ ಕಾಲದಲ್ಲಿ ವ್ಯಾಪಾರವು ಕಡಲು ದಾಟಿ ನಡೆಯುತ್ತಿತ್ತು. ಅದು ಹೇಗೆ ಸಾಧ್ಯವಾಯಿತೆಂಬುದಕ್ಕೆ ಉತ್ತರ ನಮ್ಮ ಮಲಪ್ರಭೆಯ ದಡದಲ್ಲಿದೆ.

ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಐಹೊಳೆಯನ್ನು ನಾವು ದೇವಾಲಯಗಳ ಊರೆಂದು ಬಲ್ಲೆವು. ಶಾಸನಗಳಲ್ಲಿ ಅದು ಅಯ್ಯಾವೊಳೆ. ಅದರ ಹೆಸರನ್ನು ಹೊತ್ತ ವರ್ತಕ ಸಂಘಕ್ಕೆ ‘ಅಯ್ಯಾವೊಳೆ ಐನೂರ್ವರು’ ಎಂದು ಹೆಸರು. ಐನೂರು ಎಂಬುದು ತಲೆಯೆಣಿಕೆಯಲ್ಲ, ಬಿರುದು. ಕನ್ನಡ ನಾಡು, ತೆಲುಗು ನಾಡು, ತಮಿಳು ನಾಡುಗಳಲ್ಲೆಲ್ಲ ಇವರ ಶಾಸನಗಳು ದೊರೆತಿವೆ. ನಾನಾ ದೇಶಗಳಲ್ಲಿ ಸಂಚರಿಸುವವರಾದ್ದರಿಂದ ‘ನಾನಾದೇಶಿ’ಗಳೆಂದೂ ಇವರನ್ನು ಕರೆದರು. ತಾವು ಪಾಲಿಸುವ ಕಟ್ಟುಪಾಡಿಗೆ ಇವರು ಇಟ್ಟ ಹೆಸರು ವೀರಬಣಂಜು ಧರ್ಮ.

ಇದು ಧನಿಕರ ಕೂಟವೆಂದು ಯಾರಾದರೂ ಭಾವಿಸಿದರೆ ಅದು ಅರ್ಧ ಸತ್ಯ ಮಾತ್ರ. ಶಿಕಾರಿಪುರದ ಸೀಮೆಯ ಹನ್ನೊಂದನೆಯ ಶತಮಾನದ ಒಂದು ಪ್ರಸಿದ್ಧ ಶಾಸನವು ಇವರನ್ನು ವರ್ಣಿಸುವಾಗ ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳನ್ನು ಹೆಸರಿಸುತ್ತದೆ. ಇವುಗಳನ್ನು ಸಗಟಾಗಿ ಮಾರುವುದನ್ನು ಹೇಳುವ ಉಸಿರಿನಲ್ಲೇ ಹೆಗಲ ಮೇಲೆ ಹೊತ್ತು ಮಾರುವುದನ್ನೂ ಅದು ಹೇಳುತ್ತದೆ. ಸಂಘದ ಲಾಂಛನಗಳಲ್ಲಿ ಒಂದು ಹಸುಂಬೆ, ಎಂದರೆ ಸರಕು ತುಂಬುವ ಚೀಲ. ಹಳ್ಳಿಯ ಹಿರಿಯರು ‘ಹಸುಬೆ’ ಎನ್ನುವುದು ಇದನ್ನೇ. ಹೆಗಲಿನ ಚೀಲವನ್ನು ಲಾಂಛನ ಮಾಡಿಕೊಂಡ ಸಂಘದಲ್ಲಿ ಚೀಲ ಹೊತ್ತವನಿಗೂ ಸ್ಥಾನವಿತ್ತೆಂದು ಬೇರೆ ಹೇಳಬೇಕೆ?

ಸಂಘವು ಅವನಿಗೆ ಮಾಡಿಕೊಟ್ಟ ಅನುಕೂಲಗಳು ಮುಖ್ಯವಾಗಿ ಮೂರು. ಮೊದಲನೆಯದು ಕಾವಲು. ವರ್ತಕರ ತಂಡದೊಡನೆ ಆಯುಧಪಾಣಿಗಳಾದ ವೀರರು ನಡೆಯುತ್ತಿದ್ದರು. ಒಬ್ಬನೇ ಹೊರಟರೆ ನೂರು ಭಯ. ಸಾಲುಗೂಡಿ ಹೊರಟರೆ ಅದೇ ದಾರಿ ರಾಜಮಾರ್ಗ. ಎರಡನೆಯದು ತಂಗುದಾಣ. ‘ವೀರಪಟ್ಟಣ’ವೆಂದು ಹೆಸರಾದ ಪೇಟೆಗಳಲ್ಲಿ ಸಂಘದವರೂ ಅವರ ಕಾವಲು ವೀರರೂ ಕೂಡಿ ವ್ಯಾಪಾರವನ್ನು ರಕ್ಷಿಸುತ್ತಿದ್ದರು. ಮೂರನೆಯದು ಸಾಮೂಹಿಕ ನಿಧಿ. ಹೇರಿಗಿಷ್ಟು, ಮೂಟೆಗಿಷ್ಟು ಎಂದು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ದೇವಾಲಯಗಳಿಗೂ ಧರ್ಮಕಾರ್ಯಗಳಿಗೂ ಕೊಡುತ್ತಿದ್ದರು. ತಮಿಳುನಾಡಿನ ಪಿರಾನ್‌ಮಲೆಯ ಶಾಸನದಲ್ಲಿ ಉಪ್ಪು, ಅಕ್ಕಿ, ಅಡಕೆ, ಮೆಣಸು, ಕಬ್ಬಿಣಗಳಿಂದ ಹಿಡಿದು ಕುದುರೆ ಆನೆಗಳವರೆಗೆ ಇಂಥ ದರಗಳ ಉದ್ದವಾದ ಪಟ್ಟಿಯೇ ಇದೆ. ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ ಎಂಬ ಗಾದೆ ಇಲ್ಲಿ ಲೆಕ್ಕದ ರೂಪದಲ್ಲಿ ಕಾಣುತ್ತದೆ.

ಈಗ ಲಂಕೆಗೆ ಮರಳೋಣ. 993ರ ಸುಮಾರಿಗೆ ಚೋಳರು ಆ ದ್ವೀಪದ ಬಹುಭಾಗವನ್ನು ಗೆದ್ದು ಪೊಲನ್ನರುವವನ್ನು ತಮ್ಮ ರಾಜಧಾನಿ ಮಾಡಿಕೊಂಡರು. 1070ರಲ್ಲಿ ವಿಜಯಬಾಹು ಅವರನ್ನು ಓಡಿಸಿದ. ದಂಡಿನ ಬೆನ್ನ ಹಿಂದೆ ಬಂದ ವ್ಯಾಪಾರವು ದಂಡಿನೊಡನೆಯೇ ಹೋಗಬೇಕಾಗಿತ್ತಷ್ಟೆ? ಹಾಗಾಗಲಿಲ್ಲ. ಚೋಳರು ಹೋದರು, ಐನೂರ್ವರು ಉಳಿದರು. ಪದವಿಯ, ವಾಹಲ್ಕಡ ಮುಂತಾದೆಡೆಗಳಲ್ಲಿ ಇವರ ಶಾಸನಗಳು ದೊರೆತಿವೆ. ಅವುಗಳ ಭಾಷೆ ತಮಿಳು. ಆದರೆ ಅವರು ನೆನೆಯುವ ದೇವತೆ ಅಯ್ಯಾವೊಳೆಯ ಪರಮೇಶ್ವರಿ! ಮಲಪ್ರಭೆಯ ಊರಿನ ಹೆಸರು ಕಡಲಾಚೆಯ ಕಲ್ಲಿನಲ್ಲಿ ನಿಂತಿರುವ ಬಗೆ ಇದು.

ಅವರು ಉಳಿದದ್ದಕ್ಕೆ ಕಾರಣವನ್ನು ಪೊಲನ್ನರುವದ ಒಂದು ಶಾಸನ ಸೂಚಿಸುತ್ತದೆ. ಕಿವಿ ಮೂಗು ಕೊಯ್ಸಿಕೊಂಡು ಬಂದ ದೂತರನ್ನು ಕಂಡು ಕನಲಿದ ವಿಜಯಬಾಹು ಚೋಳರ ಮೇಲೆ ಯುದ್ಧಕ್ಕೆ ಅಣಿಯಾದ. ಆಗ ಅವನ ಕೂಲಿ ಸೈನ್ಯವಾದ ವೇಳೈಕ್ಕಾರರು ಚೋಳರೊಡನೆ ಕಾದಲು ಒಪ್ಪದೆ ದಂಗೆಯೆದ್ದು ಅರಮನೆಯನ್ನೇ ಸುಟ್ಟರು. ಅರಸನು ದಂಗೆಯನ್ನು ಕ್ರೂರವಾಗಿ ಅಡಗಿಸಿದ. ಅವನು ತೀರಿಕೊಂಡ ಮೇಲೆ, ಬುದ್ಧನ ದಂತಧಾತುವಿದ್ದ ಪವಿತ್ರ ಮಂದಿರದ ರಕ್ಷಣೆಯನ್ನು ಇದೇ ವೇಳೈಕ್ಕಾರರಿಗೆ ಒಪ್ಪಿಸಲಾಯಿತು. ಅರಮನೆ ಸುಟ್ಟವರನ್ನು ಗುಡಿಗೆ ಕಾವಲಿಡುವುದೆಂದರೇನು! ಆ ಪ್ರತಿಜ್ಞೆಯ ಸಮಯದಲ್ಲಿ ಅವರು ತಮ್ಮ ಹಿರಿಯರೆಂದು ಕರೆಸಿಕೊಂಡದ್ದು ವಳಂಜಿಯರನ್ನು, ಎಂದರೆ ನಮ್ಮ ಬಣಂಜಿಗರ ಬಳಗದ ವರ್ತಕರನ್ನು. ಜೊತೆಗೆ ನಗರದ ವ್ಯಾಪಾರಿಗಳನ್ನು. ಕತ್ತಿ ಹಿಡಿದವರ ಮಾತಿಗೆ ತಕ್ಕಡಿ ಹಿಡಿದವರು ಜಾಮೀನು ನಿಂತಂತಾಯಿತು. ಪರಮತದ, ಪರಭಾಷೆಯ ನಾಡಿನಲ್ಲಿ ಇಷ್ಟು ನಂಬಿಕೆಯನ್ನು ಗಳಿಸಿದವರನ್ನು ಯಾವ ಅರಸನು ತಾನೆ ಹೊರಗೆ ಕಳುಹಿಸಿಯಾನು?

ಇಂದಿನ ಮಾತಿಗೆ ಬಂದರೆ, ದಾರಿ ಎಷ್ಟೋ ಸುಗಮವಾಗಿದೆ. ಪರದೇಶದ ಗಿರಾಕಿ ಹಣ ಕೊಡದಿದ್ದರೆ ಆಗುವ ನಷ್ಟಕ್ಕೆ ವಿಮೆಯೊದಗಿಸಲು ಭಾರತ ಸರ್ಕಾರವು 1957ರಲ್ಲೇ ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಭಾರತ ಮತ್ತು ಶ್ರೀಲಂಕೆಗಳು 1998ರಲ್ಲಿ ಮುಕ್ತ ವ್ಯಾಪಾರದ ಒಪ್ಪಂದಕ್ಕೆ ಸಹಿ ಹಾಕಿದವು. ಅದು 2000ದ ಮಾರ್ಚಿಯಲ್ಲಿ ಜಾರಿಗೆ ಬಂದು ಎಷ್ಟೋ ಸರಕುಗಳ ಸುಂಕ ಇಳಿಯಿತು. ಕಾವಲಿನ ಕೆಲಸವನ್ನೂ ಕಟ್ಟೆಯ ಕೆಲಸವನ್ನೂ ಸರ್ಕಾರಗಳೇ ವಹಿಸಿಕೊಂಡಿವೆ.

ಆದರೆ ಐಹೊಳೆಗೆ ಸಮೀಪದ ಇಳಕಲ್ಲಿನ ನೇಕಾರನಾಗಲಿ, ಚನ್ನಪಟ್ಟಣದ ಬೊಂಬೆ ಕಡೆಯುವವನಾಗಲಿ ಮೊದಲ ಸಲ ತನ್ನ ಸರಕನ್ನು ಕಡಲಾಚೆಗೆ ಕಳುಹಿಸುವಾಗ ಕೇಳುವ ಪ್ರಶ್ನೆಗಳು ಹಳೆಯವೇ. ಅಲ್ಲಿ ಯಾರನ್ನು ನಂಬಲಿ? ನನ್ನನ್ನು ಯಾರು ನಂಬುತ್ತಾರೆ? ಸುಂಕವಿಳಿಸಿದ ಕಾಗದ ಇದಕ್ಕೆ ಉತ್ತರ ಹೇಳಲಾರದು. ಕಸುಬಿನವರು ಊರೂರಿನಲ್ಲಿ ಒಂದುಗೂಡಿ, ತೂಕಕ್ಕೂ ಗುಣಕ್ಕೂ ತಾವೇ ಹೊಣೆ ಹೊತ್ತು, ಹೇರಿಗಿಷ್ಟು ಎಂದು ಎತ್ತಿಟ್ಟು, ಒಬ್ಬನ ಮಾತಿಗೆ ಹತ್ತು ಜನ ಜಾಮೀನು ನಿಂತರೆ ಮಾತ್ರ ಉತ್ತರ ಸಿಕ್ಕೀತು. ಐನೂರ್ವರು ತಮ್ಮ ಹಸುಬೆಯಲ್ಲಿ ಮೆಣಸಿನೊಡನೆ ಲಂಕೆಗೆ ಒಯ್ದ ಸರಕು ಅದೇ.