ಸ್ಕೋರ್‌ಕಾರ್ಡಿಗೆ ಬರದ ಲೆಕ್ಕ

 ವಿಜಯನಗರದಿಂದ ಕೆಂಗೇರಿ ಕಡೆ ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಬಸವೇಶ್ವರನಗರದ ಪಾರ್ಕಲ್ಲಿ ವಾಕ್ ಮಾಡ್ತಾ ಕೇಳ್ತಿರೋರಿಗೆ, ಎಲ್ಲರಿಗೂ. ಇವತ್ತಿನ ಕಥೆ ಒಂದು ಬೌಲ್-ಔಟ್‌ನಿಂದ ಶುರು.

2007ರ ಸೆಪ್ಟೆಂಬರ್ 14, ಡರ್ಬನ್. ಟಿ20 ವಿಶ್ವಕಪ್‌ನಲ್ಲಿ ಭಾರತ–ಪಾಕಿಸ್ತಾನ ಪಂದ್ಯ ಟೈ. ಸೆಹವಾಗ್, ಹರ್ಭಜನ್ ಸ್ಟಂಪ್‌ಗೆ ಹೊಡೆದಾಯ್ತು. ಮೂರನೆಯವರಾಗಿ ಬಂದಿದ್ದು ನಮ್ಮ ಕೊಡಗಿನ ರಾಬಿನ್ ಉತ್ತಪ್ಪ. ಅವರು ಬೌಲರೇ ಅಲ್ಲ! ಆದ್ರೂ ಹೊಡೆದರು, ಕ್ಯಾಪ್ ತೆಗೆದು ಬಗ್ಗಿ ವಂದಿಸಿದರು. ಅದೇ ಪಂದ್ಯದಲ್ಲಿ 50 ರನ್ ಕೂಡ ಹೊಡೆದಿದ್ದರು. ನಾನಾಗ ಪ್ರೈಮರಿ ಸ್ಕೂಲು. ಮಾರನೇ ದಿನ ರಾಜಾಜಿನಗರದ ನಮ್ಮ ರಸ್ತೇಲಿ ವಿಕೆಟ್ ಬಿದ್ದಾಗಲೆಲ್ಲ ಎಲ್ಲರೂ ಬಗ್ಗಿ ನಮಸ್ಕಾರ ಮಾಡೋರೇ.

2009, 2010ರಲ್ಲಿ ಉತ್ತಪ್ಪ ಆರ್‌ಸಿಬಿಯಲ್ಲಿದ್ದರು. ಅವರ ಸಿಕ್ಸರ್‌ಗೆ ನಾವು ಕೂಗಿದ್ದೇ ಕೂಗಿದ್ದು. ಅವರೊಳಗೆ ಏನು ನಡೀತಿತ್ತು ಅಂತ ನಮಗೆ ಗೊತ್ತಾಗಿದ್ದು 2020ರಲ್ಲಿ, ಅವರೇ ಬಾಯಿಬಿಟ್ಟು ಹೇಳಿದಾಗ. 2009ರಿಂದ 2011ರವರೆಗೆ ಖಿನ್ನತೆ, ಬದುಕು ಮುಗಿಸಿಕೊಳ್ಳೋ ಯೋಚನೆ. ಇವತ್ತೊಂದು ದಿನ ಹೇಗೆ ಕಳೆಯೋದು ಅನ್ನೋದೇ ಚಿಂತೆ. ಆಟ ಇದ್ದಾಗ ಮನಸ್ಸು ಅತ್ತ ಹೋಗ್ತಿತ್ತು. ಮ್ಯಾಚ್ ಇಲ್ಲದ ದಿನಗಳೇ ಕಷ್ಟ. ಡೈರಿ ಬರೆದು ತಮ್ಮನ್ನು ತಾವು ಅರ್ಥ ಮಾಡ್ಕೊಳ್ಳೋಕೆ ಶುರು ಮಾಡಿದರು, ಬೇರೆಯವರ ಸಹಾಯ ಕೇಳಿದರು. 2014ರ ಐಪಿಎಲ್‌ನಲ್ಲಿ ಕೋಲ್ಕತ್ತಾ ಪರ 660 ರನ್, ಆರೆಂಜ್ ಕ್ಯಾಪ್. ಫೈನಲ್ ನಡೆದದ್ದು ಇದೇ ಚಿನ್ನಸ್ವಾಮಿಯಲ್ಲಿ.

ನಾನು ಬಿಕಾಂ ಓದಿದವನು. ಲೆಕ್ಕದ ಪುಸ್ತಕ ನೋಡಿ ಅಂಗಡಿ ಹೇಗಿದೆ ಅಂತ ಹೇಳಬಹುದು, ಅಂಗಡಿಯವನು ಹೇಗಿದ್ದಾನೆ ಅಂತ ಹೇಳೋಕಾಗಲ್ಲ. ಸ್ಕೋರ್‌ಕಾರ್ಡೂ ಅಷ್ಟೇ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಉತ್ತಪ್ಪ ಹೇಳಿಕೊಂಡದ್ದು ಖಿನ್ನತೆ. ಬೈಪೋಲಾರ್ ಬೇರೆ: ಅದರಲ್ಲಿ ಕುಸಿತದ ಜೊತೆ ಉಬ್ಬರವೂ ಇರುತ್ತೆ. ನಿದ್ದೆ ಬೇಡ, ಮಾತು ನಿಲ್ಲಲ್ಲ, ದುಡ್ಡು ನೀರಿನ ಥರ ಖರ್ಚು. ಕ್ರೀಡಾಪಟು ಹಾಗಿದ್ದರೆ ‘ಏನ್ ಜೋಶ್ ಗುರು’ ಅಂತ ನಾವೇ ಚಪ್ಪಾಳೆ ತಟ್ತೀವಿ. 1995ರ ಹೆವಿವೇಟ್ ವಿಶ್ವ ಚಾಂಪಿಯನ್, ಬ್ರಿಟನ್ನಿನ ಬಾಕ್ಸರ್ ಫ್ರಾಂಕ್ ಬ್ರೂನೋಗೆ ಇದೇ ಕಾಯಿಲೆ. 2003ರಲ್ಲಿ ಅವರನ್ನ ಆಸ್ಪತ್ರೆಗೆ ಸೇರಿಸಿದಾಗ ‘ದಿ ಸನ್’ ಪತ್ರಿಕೆ ಅವರನ್ನ ಹುಚ್ಚ ಅಂತ ಲೇವಡಿ ಮಾಡೋ ತಲೆಬರಹ ಹಾಕ್ತು. ಜನ ರೊಚ್ಚಿಗೆದ್ದರು, ಮುಂದಿನ ಆವೃತ್ತಿಯಲ್ಲೇ ತಲೆಬರಹ ಬದಲಾಯ್ತು. ಬ್ರೂನೋ ಈಗ ಮಾನಸಿಕ ಆರೋಗ್ಯಕ್ಕೆ ತಮ್ಮದೇ ಸಂಸ್ಥೆ ನಡೆಸ್ತಾರೆ.

ಈ ವ್ಯತ್ಯಾಸ ಡಾಕ್ಟರಿಗೂ ಬೇಕು. ಬೈಪೋಲಾರ್ ಇದ್ದವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉಬ್ಬರ ಕೆರಳಬಹುದು. ಅದಕ್ಕೇ ಡಾಕ್ಟರ್ ಹತ್ರ ಹೋದಾಗ ಅತ್ತ ದಿನಗಳ ಜೊತೆ, ನಿದ್ದೆ ಬಿಟ್ಟು ಹಾರಾಡಿದ ದಿನಗಳನ್ನೂ ಹೇಳಿ.

ನಮ್ಮೂರಲ್ಲೇ ನಿಮ್ಹಾನ್ಸ್ ಇದೆ. ಆದ್ರೂ ‘ನಿಮ್ಹಾನ್ಸ್‌ಗೆ ಸೇರಿಸ್ಬೇಕು ಇವನ್ನ’ ಅನ್ನೋದು ನಮಗಿನ್ನೂ ಜೋಕು. ನಾನೂ ಎಷ್ಟೋ ಸಲ ಮಾಡಿದೀನಿ. ಆ ಜೋಕಿಗೆ ನಗದೆ ಸುಮ್ಮನಿದ್ದ ಫ್ರೆಂಡ್ ಒಬ್ಬ ಆಗ ಅಲ್ಲಿಗೇ ಹೋಗಿಬರ್ತಿದ್ದ ಅಂತ ತಿಳಿದದ್ದು ಎರಡು ವರ್ಷ ಆದ್ಮೇಲೆ. ಅವತ್ತಿಂದ ಆ ಜೋಕು ಬಿಟ್ಟೆ.

2022ರಿಂದ ಸರ್ಕಾರದ ಟೆಲಿ ಮಾನಸ್ ಇದೆ: 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಸೇವ್ ಮಾಡ್ಕೊಳ್ಳಿ. ನಿಮಗೆ ಬೇಕಾಗದೇ ಇರಬಹುದು, ಪಕ್ಕದಲ್ಲಿ ಕೂತವರಿಗೆ ಬೇಕಾಗಬಹುದು. ಮುಂದಿನ ವಾರ ಸಿಗೋಣ.