ಹಳೆಯ ಜೀಪು: ಕಬ್ಬಿಣಕ್ಕಿಂತ ಕಾಗದ ಮುಖ್ಯ

ದಾವಣಗೆರೆ: ತಹಶೀಲ್ದಾರರಾಗಲಿ, ಪೊಲೀಸರಾಗಲಿ, ಅರಣ್ಯಾಧಿಕಾರಿಗಳಾಗಲಿ ಊರಿಗೆ ಬಂದರೆ ‘ಜೀಪು ಬಂತು’ ಎಂದು ಜನ ಹೇಳುತ್ತಿದ್ದ ಕಾಲವೊಂದಿತ್ತು. ಆ ಜೀಪುಗಳು ಕಚೇರಿಗಳ ಅಂಗಳದಿಂದ ಮರೆಯಾಗಿವೆ. ಆದರೆ ಹಳೆಯ ಜೀಪೊಂದನ್ನು ಕೊಂಡು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕೆಂಬ ಆಸೆ ಮರೆಯಾಗಿಲ್ಲ. ಯಂತ್ರದ ಕೆಲಸ ಬಲ್ಲ ದಾವಣಗೆರೆ-ಹರಿಹರದಂತಹ ಊರುಗಳಲ್ಲಿ ಸವೆದ ಭಾಗವನ್ನು ಸರಿಪಡಿಸಿಕೊಳ್ಳುವುದು ಅಸಾಧ್ಯವೇನಲ್ಲ. ದಾಖಲೆ ಕೆಟ್ಟ ಜೀಪನ್ನು ಮಾತ್ರ ಯಾವ ಮೆಕ್ಯಾನಿಕ್ ಕೂಡ ಸರಿಪಡಿಸಲಾರ.

ಎತ್ತರದ ಬಾನೆಟ್ಟಿನ ವಂಶ

ಭಾರತದ ಜೀಪಿನ ಮೂಲ ಅಮೆರಿಕದ ವಿಲ್ಲೀಸ್ ಕಂಪನಿ. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಸ್ಥಾಪನೆಯಾಗಿ, 1948ರಲ್ಲಿ ಇಂದಿನ ಹೆಸರು ಪಡೆದ ಮಹೀಂದ್ರ ಅಂಡ್ ಮಹೀಂದ್ರ ಸಂಸ್ಥೆಯು 1947ರಿಂದ ವಿಲ್ಲೀಸ್ ಜೀಪುಗಳ ಜೋಡಣೆಗೆ ಇಳಿಯಿತು. ಅಮೆರಿಕದಲ್ಲಿ 1953ರಲ್ಲಿ ಹೊರಬಂದ ಸಿಜೆ-3ಬಿ ಮಾದರಿಯನ್ನು ಅನಂತರ ದಶಕಗಳ ಕಾಲ ಇಲ್ಲಿಯೇ ತಯಾರಿಸಿತು.

ಎತ್ತರದ ಬಾನೆಟ್ ಸಿಜೆ-3ಬಿಯ ಗುರುತು. ಇದರ 2.2 ಲೀಟರ್ ‘ಹರಿಕೇನ್’ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒಳಬಿಡುವ ವಾಲ್ವ್ ಮೇಲಿನ ಹೆಡ್‌ನಲ್ಲಿಯೂ ಹೊಗೆ ಹೊರಹಾಕುವ ವಾಲ್ವ್ ಕೆಳಗಿನ ಬ್ಲಾಕ್‌ನಲ್ಲಿಯೂ ಇವೆ. ಇದರಿಂದ ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಅದರೊಡನೆ ಮೇಲೇರಿತು. ಮುಂದೆ 1980ರ ದಶಕದಲ್ಲಿ ಪ್ಯೂಜೊ ಡೀಸೆಲ್ ಎಂಜಿನ್ನಿನ ಎಂಎಂ 540 ಬಂತು. ಅದೇ ದಶಕದ 1985ರಲ್ಲಿ 970 ಸಿಸಿ ಪೆಟ್ರೋಲ್ ಎಂಜಿನ್ನಿನ ಮಾರುತಿ ಜಿಪ್ಸಿಯೂ ರಸ್ತೆಗಿಳಿಯಿತು.

ಕೊಳ್ಳುವ ಮುನ್ನ

ಪೆಟ್ರೋಲ್ ದುಬಾರಿಯಾದಂತೆ ಅನೇಕ ಮಾಲೀಕರು ಜೀಪಿನ ಮೂಲ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿದರು. ಬಹುತೇಕ ತೊಡಕುಗಳ ಮೂಲ ಇಲ್ಲಿದೆ. ಕಾರ್ಖಾನೆಯಿಂದಲೇ ಡೀಸೆಲ್ ಎಂಜಿನ್ನಿನೊಂದಿಗೆ ಬಂದ ಜೀಪುಗಳೂ ಇರುವುದರಿಂದ ನೋಟದಿಂದಷ್ಟೇ ನಿರ್ಧರಿಸಲಾಗದು. ಆರ್‌ಸಿ ಪುಸ್ತಕದಲ್ಲಿರುವ ಇಂಧನ, ಎಂಜಿನ್ ಸಂಖ್ಯೆ ಹಾಗೂ ಚಾಸಿಸ್ ಸಂಖ್ಯೆಗಳು ಜೀಪಿನ ಮೇಲೆ ಕೆತ್ತಿರುವುದಕ್ಕೆ ಅಕ್ಷರಶಃ ತಾಳೆಯಾಗಬೇಕು. ತುಕ್ಕು ಉಜ್ಜಿ, ಕಾಗದವಿಟ್ಟು ಪೆನ್ಸಿಲ್‌ನಿಂದ ಅಚ್ಚು ತೆಗೆದು ನೋಡುವುದು ಒಳಿತು.

ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಹೊರರಾಜ್ಯದ ಜೀಪಾದರೆ ನಿರಾಕ್ಷೇಪಣಾ ಪತ್ರ, ಕರ್ನಾಟಕದ ತೆರಿಗೆ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸರ್ಕಾರಿ ಹರಾಜಿನ ಬಾಗಿಲೂ ಈಗ ಮುಚ್ಚಿದಂತೆಯೇ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ. ಅವು ನೋಂದಾಯಿತ ಗುಜರಿ ಕೇಂದ್ರ ಸೇರಬೇಕು.

ಶುಲ್ಕ ಮತ್ತು ‘ವಿಂಟೇಜ್’ ಮಾನ್ಯತೆ

ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಡ್ಡಿ ನವೀಕರಿಸಬೇಕು. ದಾವಣಗೆರೆಯವರಿಗೆ ಇದು ಕೆಎ-17ರ ಪ್ರಾದೇಶಿಕ ಸಾರಿಗೆ ಕಚೇರಿಯ ಕೆಲಸ. 2022ರ ಏಪ್ರಿಲ್‌ನಿಂದ ಲಘು ವಾಹನದ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 20 ವರ್ಷ ಮೀರಿದ ವಾಹನಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂಪಾಯಿ ಮಾಡಲಾಯಿತು.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ, ಎಂಜಿನ್ ಮೂಲ ಸ್ವರೂಪದಲ್ಲಿಯೇ ಇರಬೇಕು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮೊದಲೇ ನೋಂದಣಿಯಾಗಿರುವ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವಿಕೆ ಹಾಗೂ ದುರಸ್ತಿಗೆ ಹೊರತು ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ತೋಟಕ್ಕೆ ಹೋಗಿಬರಲು ಜೀಪು ಬೇಕಾದವರಿಗೆ ಸಾಮಾನ್ಯ ನವೀಕರಣವೇ ದಾರಿ. ಯಾವ ಜಿಪ್ಸಿಯೂ 2035ಕ್ಕೆ ಮುಂಚೆ ಈ ಮಾನ್ಯತೆಗೆ ಅರ್ಹವಾಗದು.

ಹರಿಹರದ ಲೇತ್

ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಈಗಿಲ್ಲ, ಲೇತ್ ಕೆಲಸದ ಪರಂಪರೆ ಊರಿನಲ್ಲಿ ಉಳಿದಿದೆ. ಹಳೆಯ ಜೀಪಿಗೆ ಬೇಕಾದದ್ದೂ ಇಂಥ ಕೈಗಳೇ. ಕಮಾನು ಪಟ್ಟಿಯ ಬುಷ್, ಪಿನ್, ಶ್ಯಾಕಲ್‌ಗಳನ್ನು ಅಳತೆ ಕೊಟ್ಟು ತಿರುಗಿಸಿಕೊಳ್ಳಬಹುದು. ಸವೆದ ಬ್ರೇಕ್ ಡ್ರಮ್ಮನ್ನು ಮಿತಿಯೊಳಗೆ ಸಮ ಮಾಡಿಸಬಹುದು. ಆದರೆ ಸ್ಟಿಯರಿಂಗ್ ಮತ್ತು ಬ್ರೇಕಿನ ಒಳಭಾಗಗಳಲ್ಲಿ ಉಳಿತಾಯ ಸಲ್ಲದು. ಅವನ್ನು ಹೊಸದಾಗಿಯೇ ಕೊಳ್ಳಬೇಕು.

ನಿತ್ಯದ ಆರೈಕೆ

ಜೀಪಿನ ಆಯುಷ್ಯ ನಿಂತಿರುವುದು ಗ್ರೀಸಿನ ಮೇಲೆ. ಶ್ಯಾಕಲ್, ಸ್ಟಿಯರಿಂಗ್ ಕೀಲುಗಳು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಎಲ್ಲಕ್ಕೂ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸತನ್ನು ತುಂಬಬೇಕು. ಭದ್ರಾ ನಾಲೆಯ ಗದ್ದೆ ಬಯಲಿನ ಕೆಸರಿನಲ್ಲಿ ಇಳಿದು ಬಂದ ಮೇಲೆ ಆ್ಯಕ್ಸಲ್ ಎಣ್ಣೆಯನ್ನು ನೋಡಬೇಕು. ಅದು ಹಾಲಿನಂತೆ ಬಿಳಿಚಿದ್ದರೆ ನೀರು ಸೇರಿದೆ ಎಂದರ್ಥ.

ನಾಲ್ಕು ಚಕ್ರಗಳ ಚಾಲನೆಯನ್ನು ಟಾರು ರಸ್ತೆಯಲ್ಲಿ ಹಾಕಬಾರದು. ಮುಂದಿನ, ಹಿಂದಿನ ಆ್ಯಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ತಿರುವಿನಲ್ಲಿ ಶಾಫ್ಟ್‌ಗಳು ಒಂದಕ್ಕೊಂದು ಹೆಣೆದಂತೆ ಬಿಗಿಯುತ್ತವೆ. ಹಳೆಯ ಸಿಜೆ ಮಾದರಿಗಳಲ್ಲಿ ಕೈಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನು. ಓಡುವಾಗ ಅದನ್ನು ಎಳೆದರೆ ಶಾಫ್ಟಿಗೇ ಪೆಟ್ಟು.

ಪೆಟ್ರೋಲ್ ಜೀಪಿಗೆ ಎಥೆನಾಲ್ ಹೊಸ ಸವಾಲು. 2025ರಲ್ಲಿ ದೇಶದಲ್ಲಿ ಎಥೆನಾಲ್ ಮಿಶ್ರಣ ಶೇ 20 ತಲುಪಿತು. ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಇಂಧನದ ಪೈಪು, ಪೆಟ್ರೋಲ್ ಪಂಪಿನ ಪೊರೆಗಳನ್ನು ಎಥೆನಾಲ್ ತಾಳುವ ರಬ್ಬರಿನವಕ್ಕೆ ಬದಲಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಖಾಲಿ ಮಾಡಬೇಕು.

ಮೂಲ ಎಂಜಿನ್ ಈಗಲೂ ಇರುವ ಜೀಪನ್ನು ಕೊಂಡವರು, ಅದು ಹೊಗೆಯುಗುಳಿದರೂ ಗುಜರಿಗೆ ಹಾಕಬಾರದು. ಬೋರ್ ಮಾಡಿಸಿ, ಹೊಸ ಪಿಸ್ಟನ್ ಕೂರಿಸಿ, ಅದೇ ಸಂಖ್ಯೆಯ ಬ್ಲಾಕನ್ನು ಉಳಿಸಿಕೊಳ್ಳಬೇಕು. ಜೀಪು ರಸ್ತೆಯಲ್ಲಿ ಉಳಿಯುವುದು ಆ ಸಂಖ್ಯೆಯ ಬಲದಿಂದ.